ಹೆಸರು ಹೇಳದ ಬಿತ್ತನೆ

ನಂಜನಗೂಡು, ಹೊರಡುವ ಹಿಂದಿನ ವಾರ

ಶಿವಬಸಪ್ಪನವರು ಬಿತ್ತನೆ ಬೀಜದ ಐದು ಪ್ಯಾಕೆಟ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದರ ಮೇಲೆ ಎತ್ತು. ಒಂದರ ಮೇಲೆ ತೆನೆ ಹಿಡಿದ ದೇವಿ. ಇನ್ನೊಂದರಲ್ಲಿ ಹಲ್ಲು ಬಿಟ್ಟು ನಗುತ್ತಿರುವ ರೈತ. ಅಷ್ಟು ಬಿಳಿ ಹಲ್ಲಿನ ರೈತನನ್ನು ನಾನು ನಮ್ಮ ಕಡೆ ನೋಡಿಲ್ಲ. ಉಳಿದೆರಡರಲ್ಲಿ ಎಲೆ ಮತ್ತು ಸೂರ್ಯ.

“ಯಾವ್ದು ಬೇಕೋ ಆರಿಸ್ಕೊಳಿ ಮೇಷ್ಟ್ರೇ,” ಅಂದರು.

ನಾನು ಎತ್ತನ್ನು ಆರಿಸಿದೆ.

“ತಿರುಗ್ಸಿ ನೋಡಿ.”

ಹಿಂಭಾಗದಲ್ಲಿ, ಕನ್ನಡಕ ಹಾಕಿಕೊಂಡರೂ ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರಗಳಲ್ಲಿ, ಒಂದು ಕಂಪನಿಯ ಹೆಸರಿತ್ತು. ದೇವಿಯ ಹಿಂದೆಯೂ ಅದೇ ಹೆಸರು. ರೈತನ ಹಿಂದೆಯೂ ಅದೇ.

“ನಾನು ಅಂಗಡಿ ಇಟ್ಟಾಗ ಇವು ಐದೂ ಐದು ಮನೆಯವು ಕಣ್ರೀ. ಎತ್ತಿನೋರು ವರ್ಷಕ್ಕೊಂದ್ಸಲ ಕ್ಯಾಲೆಂಡರ್ ಹಿಡ್ಕೊಂಡು ಬರೋರು. ದೇವಿಯೋರು ಅವ್ರ ಮೇಲೆ ಚಾಡಿ ಹೇಳೋಕೆ ಬರೋರು. ಈಗ ಎತ್ತು, ದೇವಿ, ರೈತ ಎಲ್ಲಾನೂ ಒಬ್ಬನೇ ಕಟ್ಟಾಕ್ಕೊಂಡವ್ನೆ. ಗಿರಾಕಿಗೆ ಮಾತ್ರ, ನಾನೇ ಆರಿಸ್ದೆ ಅನ್ನೋ ಖುಷಿ.”

ಶಿವಬಸಪ್ಪನವರು ಇಪ್ಪತ್ತು ವರ್ಷ ಬೀಜ ಗೊಬ್ಬರದ ವ್ಯಾಪಾರ ಮಾಡಿದವರು. ಒಂದು ದಿನ ಅಂಗಡಿಯನ್ನು ಭಾವಮೈದುನನಿಗೆ ಬಿಟ್ಟುಕೊಟ್ಟು, ಹೆಗಲಿಗೆ ಹಸಿರು ಟವೆಲ್ಲು ಹಾಕಿಕೊಂಡು, ಇದೇ ಕಂಪನಿಯ ವಿರುದ್ಧ ಊರೂರು ಸುತ್ತತೊಡಗಿದರು. ಹುಚ್ಚು ಹಿಡಿದಿದೆ ಎಂದು ಪೇಟೆಯವರು ಆಡಿಕೊಂಡರು. ನಾನು ಟಿ. ನರಸೀಪುರದಲ್ಲಿ ಕಾಲೇಜು ಮಕ್ಕಳಿಗೆ ಇಂಗ್ಲಿಷ್ ಹೇಳುತ್ತಿದ್ದೆ. ಜರ್ಮನಿಗೆ ಹೋಗಲು ಅವರಿಗೆ ದುಭಾಷಿ ಬೇಕಾಗಿತ್ತು. ಹಾಗೆ ಸಿಕ್ಕಿಬಿದ್ದೆ.

ವಿಷಯ ಇದು. ಆ ಕಂಪನಿ ಯುರೋಪಿನಲ್ಲಿ ಒಂದು ಭತ್ತದ ಮೇಲೆ ಪೇಟೆಂಟ್ ಪಡೆದಿತ್ತು. ಹತ್ತು ದಿನ ನೀರಿನಡಿ ಇದ್ದರೂ ಕೊಳೆಯದ ಭತ್ತ, ತಾವೇ ಕಂಡುಹಿಡಿದದ್ದು, ಇನ್ನು ಮುಂದೆ ತಮ್ಮದು ಎಂದು ಅವರ ಹೇಳಿಕೆ. ಕೆಂಪು ಅಕ್ಕಿ, ಕಾಳಿನ ತುದಿ ಕಪ್ಪು, ಗೆಣ್ಣಿನ ಹತ್ತಿರ ನೇರಳೆ ಬಣ್ಣ ಎಂದು ಅವರ ಕಾಗದದಲ್ಲಿದ್ದ ವರ್ಣನೆ ಕೇಳಿದರೆ ಕಪಿಲೆಯ ದಂಡೆಯ ಯಾರಾದರೂ ಇದು ಮಡುಗೆಂಪು ಅನ್ನುತ್ತಿದ್ದರು. ಹೊಳೆ ಉಕ್ಕಿ ಗದ್ದೆಯೇ ಮಡುವಾದಾಗಲೂ ನಿಲ್ಲುವ ಕೆಂಪು ಭತ್ತ.

ಅದು ನಮ್ಮಲ್ಲಿ ಮೊದಲಿನಿಂದಲೂ ಇತ್ತು ಎಂದು ಜರ್ಮನಿಯ ಪೇಟೆಂಟ್ ಕಛೇರಿಯ ವಿಚಾರಣೆಯಲ್ಲಿ ತೋರಿಸಿದರೆ ಪೇಟೆಂಟ್ ಬಿದ್ದುಹೋಗುತ್ತದೆ. ತೋರಿಸುವುದು ಹೇಗೆ? ಪಹಣಿಯ ಬೆಳೆ ಕಾಲಮ್ಮಿನಲ್ಲಿ ವರ್ಷ ವರ್ಷವೂ ಒಂದೇ ಪದ: ಭತ್ತ. ಯಾವ ಭತ್ತ ಎಂದು ಯಾವ ಶಾನುಭೋಗರೂ ಬರೆದಿಟ್ಟಿಲ್ಲ. ಇಲಾಖೆಯ ಪಟ್ಟಿಯಲ್ಲಿ ಇಲಾಖೆ ಕೊಟ್ಟ ತಳಿಗಳು ಮಾತ್ರ. ಉಳಿದದ್ದು ಬಾಯಿಮಾತಿನ ಸಾಕ್ಷಿ. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೊಳೆ ಇಳಿಯುವ ದಾರಿಯ ಒಂದು ಊರಿನಲ್ಲಿ ದೇವೀರಮ್ಮ ಎಂಬವರು ಆ ಭತ್ತವನ್ನು ಈಗಲೂ ಬೆಳೆಯುತ್ತಿದ್ದರು. ಗಂಡ ಇಲ್ಲ, ಮಗಳು ಮದುವೆಯಾಗಿ ಕೊಳ್ಳೇಗಾಲದ ಕಡೆ. ವಯಸ್ಸು ಕೇಳಿದರೆ, “ನೀವೇ ಒಂದಾಕ್ಕೊಳಿ ಸಾ” ಅಂದರು. ಪಾಸ್‌ಪೋರ್ಟಿಗೆ ಐವತ್ತೆಂಟು ಎಂದು ಹಾಕಿದೆವು.

ಅವರನ್ನು ನಾವು ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ಕಾಲದಿಂದ ಬೆಳೆಯುತ್ತಿದ್ದೀರಿ? “ನಮ್ಮತ್ತೆ ಕಾಲ್ದಿಂದ.” ಬೇರೆಯವರಿಗೆ ಕೊಟ್ಟಿದ್ದೀರಾ? “ಕೇಳ್ದೋರ್ಗೆಲ್ಲ.” ಶಿವಬಸಪ್ಪನವರು ತೊಡೆ ತಟ್ಟಿಕೊಂಡರು. ಊರಿಗೆಲ್ಲ ಹಂಚಿದ ಬೀಜವನ್ನು ಯಾರಾದರೂ ಹೊಸದಾಗಿ ಕಂಡುಹಿಡಿಯುವುದುಂಟೆ? ಆ ‘ಎಲ್ಲ’ ಎಂಬುದು ಯಾರು ಯಾರು ಎಂದು ನಾವಿಬ್ಬರೂ ಕೇಳಲಿಲ್ಲ. ಒಬ್ಬ ವ್ಯಾಪಾರಿ, ಒಬ್ಬ ಮೇಷ್ಟರು. ಬಿತ್ತನೆ ಬೀಜವೆಂದರೆ ಪ್ಯಾಕೆಟ್‌ನಲ್ಲಿ ಬರುವ ವಸ್ತು ಎಂದು ತಿಳಿದವರು.

ಇದನ್ನೆಲ್ಲ ನನ್ನ ನೋಟ್‌ಬುಕ್ಕಿನಿಂದ ಬರೆಯುತ್ತಿದ್ದೇನೆ. ಅದರಲ್ಲಿ ಇಲ್ಲದ್ದು ಬಂದಾಗ ಇಲ್ಲ ಎಂದು ಹೇಳುತ್ತೇನೆ. ಹಾಗೆ ಹೇಳಿದರೂ ಪೂರ್ತಿ ನಂಬಬೇಡಿ.

ಇಳಿದ ದಿನ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಶಿವಬಸಪ್ಪನವರ ಎದೆಯ ಹತ್ತಿರ ಯಂತ್ರ ಕಿರುಚಿತು. ಅಂಗಿಯೊಳಗಿನ ಬೆಳ್ಳಿ ಕರಡಿಗೆ. ಅದರಲ್ಲಿ ಇಷ್ಟಲಿಂಗ. ಅಧಿಕಾರಿ ಕೈಗವಸು ಹಾಕಿಕೊಂಡು ಕೈ ಚಾಚಿದ.

“ಮುಟ್ಟಬಾರದು ಅಂತ ಹೇಳಿ ಮೇಷ್ಟ್ರೇ.”

ಹೇಳಿದೆ. ಏನು ಅದು ಎಂದು ಕೇಳಿದ. ದೇವರು ಅಂದೆ. ತೆರೆಯಿರಿ ಅಂದ. ಶಿವಬಸಪ್ಪನವರು ಬೂಟು ಕಳಚಿ, ತಾವೇ ಕರಡಿಗೆ ಬಿಚ್ಚಿ, ಅಂಗೈ ಮೇಲೆ ಲಿಂಗವನ್ನು ಇಟ್ಟುಕೊಂಡು ನಿಂತರು. ಆತ ಬಗ್ಗಿ ನೋಡಿದ. ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಿದ, ಅದಕ್ಕಾಗಿ ನನಗೆ ಆತನ ಮೇಲೆ ಗೌರವ ಬಂತು. ಆಮೇಲೆ ವಿಭೂತಿಯ ಗಟ್ಟಿಯನ್ನು ತೋರಿಸಿ ಇದೂ ದೇವರೇ ಎಂದು ಕೇಳಿದ. ಅಲ್ಲ, ಬೂದಿ ಅಂದೆ. ಬೂದಿಯನ್ನು ಒಳಗಿನ ಕೋಣೆಗೆ ತೆಗೆದುಕೊಂಡು ಹೋಗಿ ಒಂದು ಗಂಟೆ ಇಟ್ಟುಕೊಂಡರು.

ಆ ಒಂದು ಗಂಟೆ ದೇವೀರಮ್ಮ ನೆಲದ ಮೇಲೆ ಕೂತು ಎಲೆಯಡಿಕೆ ಜಗಿದರು. ಉಗಿಯಲು ಎಲ್ಲಿಯೂ ಜಾಗವಿಲ್ಲ ಎಂದು ಗೊತ್ತಾದ ಮೇಲೆ ನುಂಗಿದರು.

ರೈಲಿನಲ್ಲಿ ನಾವು ಗೊತ್ತಿಲ್ಲದೆ ಮೌನದ ಡಬ್ಬಿ ಹತ್ತಿದ್ದೆವು. ಹಾಗೊಂದು ಡಬ್ಬಿ ಇರುತ್ತದೆ, ಅದರಲ್ಲಿ ಮಾತಾಡಬಾರದು. ಶಿವಬಸಪ್ಪನವರು ಕಬಿನಿ ನಾಲೆಯ ನೀರು ಬಿಡುವ ವಿಷಯದಲ್ಲಿ ಭಾಷಣ ಶುರು ಮಾಡಿದ್ದರು. ಎದುರಿನ ಹೆಂಗಸು ಗೋಡೆಯ ಮೇಲಿನ ಚಿತ್ರ ತೋರಿಸಿದಳು: ತುಟಿಯ ಮೇಲೆ ಬೆರಳು.

“ಇದೇನ್ ಸಾ, ಸೂತ್ಕದ ಮನ ಇದ್ದಂಗದ,” ಎಂದು ದೇವೀರಮ್ಮ ನನ್ನ ಕಿವಿಯಲ್ಲಿ ಹೇಳಿದರು. “ಯಾರ್ ಸತ್ತವ್ರಾ?”

ಕಿಟಕಿಯಾಚೆ ಒಂದೇ ಬಣ್ಣದ, ಒಂದೇ ಎತ್ತರದ ಮುಸುಕಿನ ಜೋಳ. ಹೊಲಗಳ ನಡುವೆ ಬದುವಿಲ್ಲ, ಬದುವಿನ ಮೇಲೆ ಹೊಂಗೆ ಇಲ್ಲ, ಜನ ಇಲ್ಲವೇ ಇಲ್ಲ. ಅರ್ಧ ಗಂಟೆ ನೋಡಿದ ಮೇಲೆ ಅವರೇ ಹೇಳಿದರು: “ಬೆಳ ಅದ. ಒಕ್ಕಲು ಕಾಣ್ನಿಲ್ಲ.”

ಯೋಸೆಫನ ಮನೆ

ನಮ್ಮನ್ನು ಎರಡು ದಿನ ಇಟ್ಟುಕೊಂಡಿದ್ದು ನಮ್ಮ ಕೇಸಿಗೆ ಬೆಂಬಲವಾಗಿ ನಿಂತ ಯೋಸೆಫ್ ಎಂಬ ರೈತ. ಅರವತ್ತು ದಾಟಿದ ದಪ್ಪ ಕೈಗಳ ಮನುಷ್ಯ. ಮನೆಯಲ್ಲಿ ಕಸಕ್ಕೆ ನಾಲ್ಕು ಬಣ್ಣದ ತೊಟ್ಟಿಗಳಿದ್ದವು. ದೇವೀರಮ್ಮ ಬಾಳೆಹಣ್ಣಿನ ಸಿಪ್ಪೆಯನ್ನು ತಪ್ಪು ತೊಟ್ಟಿಗೆ ಹಾಕಿದಾಗ ಆತ ಏನೂ ಅನ್ನದೆ ಎತ್ತಿ ಸರಿಯಾದ ತೊಟ್ಟಿಗೆ ಹಾಕಿದ. ಸಂಜೆಗೆ ತಣ್ಣಗಿನ ಬ್ರೆಡ್ಡು, ತಣ್ಣಗಿನ ಚೀಸು, ತಣ್ಣಗಿನ ಸೌತೆ. ಬಂದವರಿಗೆ ಬಿಸಿ ಮಾಡದೆ ಬಡಿಸುವ ಮನೆಯನ್ನು ದೇವೀರಮ್ಮ ಮೊದಲು ನೋಡಿದ್ದು. “ಒಲ ಕೆಟ್ಟೋಗದ ಏನೋ, ಪಾಪ” ಎಂದು ಸಮಾಧಾನ ಮಾಡಿಕೊಂಡರು.

ಊಟದ ಕೋಣೆಯ ಗೋಡೆಯಲ್ಲಿ ಮೀಸೆಯ ಮುದುಕನೊಬ್ಬನ ಚಿತ್ರವಿತ್ತು. ಯೋಸೆಫನ ಅಜ್ಜ. ಆ ಕಣಿವೆಯ ಹಾಲನ್ನೆಲ್ಲ ಒಂದೇ ಕಾರ್ಖಾನೆ ಕೊಳ್ಳುತ್ತಿದ್ದ ಕಾಲದಲ್ಲಿ, ಅದು ಹೇಳಿದ್ದೇ ದರವಾಗಿದ್ದಾಗ, ಈ ಅಜ್ಜ ಹಳ್ಳಿ ಹಳ್ಳಿಗೆ ನಡೆದು ರೈತರನ್ನು ಸೇರಿಸಿ ಸೊಸೈಟಿ ಕಟ್ಟಿದನಂತೆ. ಒಮ್ಮೆ ಒಂದು ವಾರ ಯಾರೂ ಹಾಲು ಹಾಕಲಿಲ್ಲ, ಹೊಳೆಗೆ ಚೆಲ್ಲಿದರು. ಕಾರ್ಖಾನೆ ಮಣಿಯಿತು.

ಶಿವಬಸಪ್ಪನವರ ಮುಖ ಅರಳಿತು. ಎದ್ದು ಹೋಗಿ ಚಿತ್ರದ ಎದುರು ಕೈ ಮುಗಿದರು. “ಈಗ ಸೊಸೈಟಿ ಹೇಗಿದೆ ಕೇಳಿ ಮೇಷ್ಟ್ರೇ.”

ಕೇಳಿದೆ. ಸೊಸೈಟಿ ಬೆಳೆಯಿತು ಅಂದ ಯೋಸೆಫ್. ಪಕ್ಕದ ಕಣಿವೆಯ ಸೊಸೈಟಿಯನ್ನು ಕೊಂಡಿತು. ಆಮೇಲೆ ಹಳೆಯ ಕಾರ್ಖಾನೆಯನ್ನೇ ಕೊಂಡಿತು. ಈಗ ಈ ಭಾಗದ ಹಾಲನ್ನೆಲ್ಲ ಅದೊಂದೇ ಕೊಳ್ಳುತ್ತದೆ, ಅದು ಹೇಳಿದ್ದೇ ದರ. “ನಾನು ಹಸು ಸಾಕುವುದನ್ನು ಬಿಟ್ಟೆ.” ಇದನ್ನು ಆತ ದುಃಖದಿಂದ ಹೇಳಲಿಲ್ಲ. ಇಂದು ಬುಧವಾರ ಅನ್ನುವಂತೆ ಹೇಳಿದ.

ನಾನು ಅನುವಾದಿಸಿದ ಮೇಲೆ ಶಿವಬಸಪ್ಪನವರು ಚಿತ್ರದ ಎದುರೇ ನಿಂತಿದ್ದರು. ಹಸಿರು ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಯಿಸಿದರು.

ಮರುದಿನ ಬೆಳಿಗ್ಗೆ ಯೋಸೆಫ್ ತನ್ನ ನೆಲಮಾಳಿಗೆ ತೋರಿಸಿದ. ಆಲೂಗಡ್ಡೆಯ ಬಿತ್ತನೆಯನ್ನು ತಾನೇ ಇಟ್ಟುಕೊಂಡರೂ ಕಂಪನಿಗೆ ಕಪ್ಪ ಕಟ್ಟಬೇಕಂತೆ. ಅದಕ್ಕೆ ಸಿಟ್ಟಾಗಿ ಆತ ಹಳೆಯ ತಳಿಗಳನ್ನು ಹುಡುಕಿ ಹುಡುಕಿ ಕೂಡಿಡುತ್ತಿದ್ದ. ಗಾಜಿನ ಜಾಡಿಗಳ ಸಾಲು, ಒಳಗೆ ಬಣ್ಣ ಬಣ್ಣದ ಬೀನ್ಸ್ ಬೀಜ. ಪ್ರತಿ ಜಾಡಿಗೂ ಚೀಟಿ. ಏನು ಬರೆದಿದೆ ಎಂದು ದೇವೀರಮ್ಮ ಕೇಳಿದರು. ಬೀನ್ಸ್ ತಳಿಯ ಹೆಸರು, ಕೆಳಗೆ ಅದನ್ನು ಯಾರು ಯಾರಿಗೆ ಕೊಟ್ಟರು ಎಂದು ಇದೆ ಅಂದೆ.

“ಇಸ್ಕೊಂಡೋರ್ ಹೆಸ್ರಾ? ಬರ್ದು ಮಡ್ಗವ್ರಾ?”

ಹೌದು ಅಂದೆ. ಅವರು ಜಾಡಿಯ ಮೇಲಿಟ್ಟಿದ್ದ ಕೈಯನ್ನು ತೆಗೆದು ಸೆರಗಿನೊಳಗೆ ಇಟ್ಟುಕೊಂಡರು. ಒಂದೊಂದು ದೇಶದ ಹೆಂಗಸರಿಗೆ ಒಂದೊಂದರ ಹೇಸಿಗೆ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಜಾಣತನದ ವಾಕ್ಯ. ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ.

ವಕೀಲರ ಕಛೇರಿ

ನಗರದಲ್ಲಿ ನಮ್ಮ ಪರ ನಿಂತ ವಕೀಲೆಯ ಹೆಸರು ಹಿಲ್ಡಾ. ಗಿಡ್ಡ ಕೂದಲು, ಮೂಗು ಸದಾ ಕೆಂಪು. ಮರುದಿನದ ವಿಚಾರಣೆಗೆ ಮುಂಚೆ ಸಾಕ್ಷಿಗೆ ಏನು ಕೇಳುತ್ತಾರೆ ಎಂದು ತಿಳಿಸಲು ಮಧ್ಯಾಹ್ನ ನಮ್ಮನ್ನು ಕೂರಿಸಿಕೊಂಡರು. ಮೊದಲ ಪ್ರಶ್ನೆಗಳೆಲ್ಲ ಸಲೀಸಾಗಿ ಹೋದವು. ಸಸಿಯ ಬಣ್ಣ, ನೀರು ನಿಲ್ಲುವ ದಿನಗಳು, ಅತ್ತೆಯ ಕಾಲ.

“ಇಷ್ಟು ಸಾಲದು,” ಅಂದರು ಹಿಲ್ಡಾ. “ಇದು ಒಂದು ಮನೆಯೊಳಗಿನ ಗುಟ್ಟಲ್ಲ, ಊರಿನ ಕೈಯಲ್ಲಿತ್ತು ಎಂದು ಸಾಬೀತಾಗಬೇಕು. ಯಾರಿಗೆ ಕೊಟ್ಟರು, ಯಾವ ವರ್ಷ ಕೊಟ್ಟರು. ಒಂದು ಹೆಸರು ಸಾಕು. ಆ ಮನುಷ್ಯನಿಂದ ಆಮೇಲೆ ಹೇಳಿಕೆ ತರಿಸೋಣ. ಆದರೆ ಹೆಸರು ನಾಳೆ ಈಕೆಯ ಬಾಯಿಂದ ಬರಬೇಕು.”

ಕನ್ನಡದಲ್ಲಿ ಹೇಳಿದೆ. ದೇವೀರಮ್ಮ ಸೆರಗಿನ ಅಂಚು ಸರಿಮಾಡಿಕೊಂಡರು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ.

“ಅದ ಯೋಳ್ಬಾರ್ದು ಸಾ.”

“ಯಾಕಮ್ಮ?”

“ಬಿತ್ನ ಕೊಟ್ಮೇಲೆ ಇಂತೋರ್ಗ ಕೊಟ್ಟೆ ಅಂತ ಬಾಯ್ಬುಡಬಾರ್ದು. ಬಾಯ್ಬುಟ್ರ ಕೊಟ್ಟದ್ದ ವಾಪಸ್ ಇಸ್ಕೊಂಡಂಗೆ. ಅವ್ರ ಗದ್ದ ಬೆಳ ಏಳಲ್ಲ.”

ಶಿವಬಸಪ್ಪನವರು ನನ್ನನ್ನು ನೋಡಿದರು, ನಾನು ಅವರನ್ನು. ಇಬ್ಬರೂ ಅದೇ ಹೊಳೆಯ ನೀರು ಕುಡಿದು ಬೆಳೆದವರು. ಇದನ್ನು ಮೊದಲ ಸಲ ಕೇಳುತ್ತಿದ್ದೆವು. ಕೇಳಲು ಬಂದವರು ಸೆರಗನ್ನೋ ಟವೆಲ್ಲನ್ನೋ ಒಡ್ಡಿ ಕೇಳುತ್ತಾರೆ, ಕೊಡುವವರು ಇಲ್ಲ ಅನ್ನುವುದಿಲ್ಲ, ಅಳೆಯುವುದಿಲ್ಲ, ಮತ್ತೆ ಆ ಮಾತು ಎತ್ತುವುದಿಲ್ಲ. ಇಷ್ಟೇ. ಹೆಚ್ಚಾಗಿ ಮನೆಯ ಹೆಂಗಸರ ನಡುವೆ ನಡೆಯುವ ವ್ಯವಹಾರ. ನನ್ನ ತಾಯಿಗೂ ಗೊತ್ತಿದ್ದಿರಬೇಕು. ನಾನು ಕೇಳಿರಲಿಲ್ಲ.

“ಅಲ್ಲಾ ದೇವೀರವ್ವ,” ಶಿವಬಸಪ್ಪನವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು, “ಈ ಕಂಪನಿಯವ್ನು ನಿನ್ನ ಭತ್ತಾನೇ ನಂದು ಅಂತಾವ್ನೆ. ಒಂದು ಹೆಸರು ಹೇಳಿದ್ರೆ ಅವನ ಬಾಯಿ ಮುಚ್ಚುತ್ತೆ. ದೋಷ ಬಂದ್ರೆ ತಪ್ಪುಕಾಣಿಕೆ ಕಟ್ಟೋಣ. ನಂಜುಂಡೇಶ್ವರನ ಸನ್ನಿಧೀಲಿ ಉರುಳುಸೇವೆ ನಾನೇ ಮಾಡ್ತೀನಿ.”

“ದೋಸ ನನ್ಮೇಲೆ ಬರೋದಾಗಿದ್ರ ಹತ್ತು ಹೆಸ್ರು ಯೋಳ್ತಿದ್ದಿ ಕನಪ್ಪ. ಅದು ಇಸ್ಕೊಂಡೋರ್ ಗದ್ದಗ ಬತ್ತದ. ನಂಜುಂಡಪ್ಪ ನನ್ನ ಬುಟ್ಟಾನು. ಅವ್ರ ಗದ್ದ ಯಾರ್ ಉಳ್ಸಾರು?”

ನನಗೆ ಒಂದು ಉಪಾಯ ಹೊಳೆಯಿತು. “ಸತ್ತುಹೋದವರ ಹೆಸರು ಹೇಳಿ ಅಮ್ಮ. ಅವರಿಗೆ ಏನಾಗುತ್ತೆ?”

“ಅವ್ರ ಮಕ್ಳು ಅದೇ ಗದ್ದ ಉಳ್ತಾವ್ರಲ್ಲ ಸಾ.” ನನ್ನ ಕಡೆ ಕನಿಕರದಿಂದ ನೋಡಿದರು. ಇಷ್ಟು ಓದಿ ಇಷ್ಟೂ ತಿಳಿಯದೆ ಹೋಯಿತಲ್ಲ ಎಂಬಂತೆ.

ಹಿಲ್ಡಾಗೆ ಎಲ್ಲ ವಿವರಿಸಿದೆ. ಅವರು ನಗಲಿಲ್ಲ. ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು: ಕಂಪನಿಗೆ ಈ ಬೀಜ ಹೇಗೆ ಸಿಕ್ಕಿತು, ಊರಿಗೆ ಯಾರಾದರೂ ಹೊರಗಿನವರು ಬಂದಿದ್ದರೇ?

ದೇವೀರಮ್ಮನ ಮುಖ ಒಮ್ಮೆಲೇ ಚುರುಕಾಯಿತು. “ಬಂದಿದ್ದ ಒಬ್ಬ. ಪ್ಯಾಂಟ್ನವ್ನು. ಜೀಪಲ್ಲಿ ಬಂದು ಕರ್ಚೀಪ್ ಒಡ್ದ. ಪಾಪ ಅದುಕ್ಕೂ ಪದ್ಧತಿ ಗೊತ್ತಲ್ಲ ಅಂತ ಎರಡು ಬೊಗ್ಸ ಆಕ್ದಿ.”

“ಅವನ ಹೆಸರು?”

“ನಂಗೊತ್ತಿಲ್ಲ.”

“ಗೊತ್ತಿದ್ರೆ ಹೇಳ್ತಿದ್ಯಾ?” ಶಿವಬಸಪ್ಪನವರು ಸಿಡುಕಿದರು.

ದೇವೀರಮ್ಮ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. “ಅವ್ನಿಗೂ ಎಲ್ಲಾದ್ರೂ ಗದ್ದ ಇದ್ದದೇನೋ ಕನಪ್ಪ,” ಅಂದರು.

ವಿಚಾರಣೆಯ ದಿನ

ಉದ್ದನೆಯ ಕೋಣೆ. ತಿಳಿ ಬಣ್ಣದ ಮರದ ಮೇಜುಗಳು, ಪ್ರತಿಯೊಬ್ಬರ ಮುಂದೆಯೂ ಗುಳ್ಳೆ ಬರುವ ನೀರಿನ ಬಾಟಲಿ. ಎತ್ತರದ ಮೇಜಿನ ಹಿಂದೆ ತೀರ್ಪು ಕೊಡುವ ಮೂವರು. ಕಂಪನಿಯ ಕಡೆ ಆರು ಜನ, ಎಲ್ಲರಿಗೂ ಒಂದೇ ಬಗೆಯ ಬೂದು ಸೂಟು. ನಾನು ಕಲ್ಪಿಸಿಕೊಂಡಿದ್ದ ಹಾಗೆ ಯಾರೂ ಹಲ್ಲು ಕಡಿಯಲಿಲ್ಲ. ಅವರ ವಕೀಲ ಚೆನ್ನಾದ ಮನುಷ್ಯ. ದೇವೀರಮ್ಮ ಬಂದಾಗ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ.

ನಿಜವನ್ನೇ ಅನುವಾದಿಸುತ್ತೇನೆ ಎಂದು ನನ್ನಿಂದ ಪ್ರಮಾಣ ಮಾಡಿಸಿದರು.

ಭತ್ತದ ಬಗ್ಗೆ ದೇವೀರಮ್ಮ ಹೇಳಿದ್ದನ್ನು ಮೂವರೂ ಗಮನ ಕೊಟ್ಟು ಕೇಳಿದರು. ನಡುವಿನವರು ಎರಡು ಸಲ ಏನನ್ನೋ ಬರೆದುಕೊಂಡರು. ಹಿಲ್ಡಾ ಮೇಜಿನಡಿ ಮುಷ್ಟಿ ಬಿಗಿಹಿಡಿದಿದ್ದು ನನಗೆ ಕಾಣುತ್ತಿತ್ತು. ಆಮೇಲೆ ಆ ಚೆನ್ನಾದ ವಕೀಲ ಎದ್ದ.

“ಕೇಳಿದವರಿಗೆಲ್ಲ ಕೊಟ್ಟೆ ಎಂದು ಹೇಳಿಕೆಯಲ್ಲಿದೆ. ದಯವಿಟ್ಟು ಒಬ್ಬರ ಹೆಸರು ಹೇಳಿ.”

ದೇವೀರಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ, “ಆಗ್ಲೇ ಯೋಳಿವ್ನಲ್ಲ ಸಾ” ಅಂದರು.

ಆ ಕ್ಷಣ ನನ್ನ ಬಾಯಲ್ಲಿ ಹೆಸರುಗಳಿದ್ದವು. ನಮ್ಮ ಕಡೆ ಬೇಕಾದಷ್ಟು ಸಿಗುವ ಹೆಸರುಗಳು. ಮಹದೇವಮ್ಮ. ಚಿಕ್ಕಸಿದ್ದಮ್ಮ. ಅಲ್ಲಿ ಕನ್ನಡ ಬರುವವರು ನಾವು ಮೂವರೇ. ಒಂದು ಹೆಸರನ್ನು ಇಂಗ್ಲಿಷಿನ ವಾಕ್ಯದೊಳಗೆ ಸೇರಿಸಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ನಾನು ಸೇರಿಸಲಿಲ್ಲ. ಪ್ರಮಾಣಕ್ಕೆ ಅಂಜಿದೆನೋ, ದೇವೀರಮ್ಮನಿಗೆ ಅಂಜಿದೆನೋ, ಇದರಲ್ಲಿ ಯಾವುದನ್ನು ಬರೆದರೂ ನನ್ನನ್ನು ನಾನೇ ತಿದ್ದಿ ತೀಡಿದಂತೆ. ಸಾಕ್ಷಿಯು ಹೆಸರು ಹೇಳಲು ಒಪ್ಪುತ್ತಿಲ್ಲ ಅಂದೆ. ಅವರ ಪದ್ಧತಿಯಲ್ಲಿ ಬೀಜ ಪಡೆದವರ ಹೆಸರು ಹೇಳಿದರೆ ಅವರ ಬೆಳೆ ಹಾಳಾಗುತ್ತದೆ ಅಂದೆ. ಇಂಗ್ಲಿಷಿನಲ್ಲಿ ಅದು ಮಕ್ಕಳ ಕತೆಯಂತೆ ಕೇಳಿಸಿತು.

“ಅಂದರೆ ಹೆಸರು ಇಲ್ಲ,” ಅಂದ ವಕೀಲ, ಬಹಳ ಮೃದುವಾಗಿ.

ಇಲ್ಲಿಂದ ಮುಂದೆ ನನ್ನಲ್ಲಿ ಎರಡು ವಿಚಾರಣೆಗಳಿವೆ. ನೆನಪಿನಲ್ಲಿ ದೇವೀರಮ್ಮ ಎದ್ದು ನಿಲ್ಲುತ್ತಾರೆ, ಆರು ಬೂದು ಸೂಟುಗಳ ಕಡೆ ಬೆರಳು ತೋರಿಸಿ, “ಜೀಪಲ್ಲಿ ಬಂದು ಇಸ್ಕೊಂಡೋನ್ ಹೆಸ್ರ ಇವ್ರೇ ಯೋಳ್ಲಿ, ಇವ್ರಿಗೆ ಗೊತ್ತಿರ್ತದ” ಅನ್ನುತ್ತಾರೆ. ಕೋಣೆ ಸ್ತಬ್ಧವಾಗುತ್ತದೆ. ನೋಟ್‌ಬುಕ್ಕಿನಲ್ಲಿ ಬೆರಳು ಇಲ್ಲ. ಎದ್ದು ನಿಂತದ್ದೂ ಇಲ್ಲ. “ಜೀಪಿನವನ ಬಗ್ಗೆ ದೇ. ಕೇಳಿದರು, ಸಾಕ್ಷಿ ಪ್ರಶ್ನೆ ಕೇಳುವಂತಿಲ್ಲ ಎಂದು ಅಧ್ಯಕ್ಷರು” ಎಂದು ಒಂದೇ ಸಾಲು. ಶಿವಬಸಪ್ಪನವರನ್ನು ಕೇಳಿದರೆ, ದೇವೀರಮ್ಮ ಏನೂ ಹೇಳಲೇ ಇಲ್ಲ, ನೀರಿನ ಬಾಟಲಿ ನೋಡುತ್ತ ಕೂತಿದ್ದರು ಅನ್ನುತ್ತಾರೆ. ಬೆರಳು ತೋರಿಸಿದ ದೇವೀರಮ್ಮನನ್ನು ನಾನು ಊರಿಗೆ ಬಂದ ಮೇಲೆ, ಕಾಲೇಜಿನಲ್ಲಿ ಹೇಳಿ ಹೇಳಿ, ಮಾಡಿಕೊಂಡಿರಬೇಕು.

ತೀರ್ಪಿನ ವಿಷಯದಲ್ಲಿ ಮಾತ್ರ ಮೂರು ಕಡೆಯೂ ಒಂದೇ ಇದೆ. ಮಧ್ಯಾಹ್ನ ಮೂರಕ್ಕೆ ಒಳಗೆ ಕರೆದರು. ಬೀಜ ಸಾರ್ವಜನಿಕರ ಕೈಯಲ್ಲಿತ್ತು ಎನ್ನುವುದಕ್ಕೆ ಆಧಾರ ಸಾಲದು. ಪೇಟೆಂಟ್ ಉಳಿಯುತ್ತದೆ. ಎಲ್ಲರೂ ಎದ್ದರು. ನಾವೂ ಎದ್ದೆವು.

ಅದೇ ಸಂಜೆ, ಚೌಕ

ನಗರದ ಚೌಕದಲ್ಲಿ ಬೆಂಚಿನ ಮೇಲೆ ಕೂತೆವು. ಹಿಲ್ಡಾ ಎಲ್ಲರಿಗೂ ಕಾಗದದ ಕಪ್ಪಿನಲ್ಲಿ ಕಾಫಿ ತಂದುಕೊಟ್ಟು, ಮೇಲ್ಮನವಿ ಹಾಕಬಹುದು, ಆದರೆ ಹೆಸರಿಲ್ಲದೆ ಪ್ರಯೋಜನವಿಲ್ಲ ಎಂದು ಹೇಳಿ, ದೇವೀರಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಹೊರಟುಹೋದರು. ನಾಳೆ ಅವರಿಗೆ ಇನ್ನೊಂದು ಕೇಸಿತ್ತು. ಯಾವುದೋ ದೇಶದ ಯಾವುದೋ ಅವರೆ.

ಶಿವಬಸಪ್ಪನವರ ಸಿಟ್ಟು ಯಾರ ಮೇಲೆ ಎಂದು ಅವರಿಗೇ ತಿಳಿಯದಂತಿತ್ತು. ಕೊನೆಗೆ, “ಏಳು ವರ್ಷ ಕಣವ್ವ,” ಅಂದರು. “ಅಂಗಡಿ ಬಿಟ್ಟು ಏಳು ವರ್ಷ.”

“ಗೊತ್ತು ಕನಪ್ಪ.”

“ಒಂದು ಹೆಸರು.”

“ಊಂ.”

ದೇವೀರಮ್ಮ ಕಪ್ಪನ್ನು ಲೋಟದಂತೆ ಎತ್ತಿ ಕಾಫಿಯನ್ನು ಬಾಯಿಗೆ ಸುರಿದುಕೊಳ್ಳಲು ಹೋಗಿ ಸೀರೆಯ ಮೇಲೆ ಚೆಲ್ಲಿಕೊಂಡರು. ಶಿವಬಸಪ್ಪನವರು ಹಸಿರು ಟವೆಲ್ಲು ತೆಗೆದು ಒರೆಸಿಕೊಳ್ಳಲು ಕೊಟ್ಟರು. ಅವರು ಒರೆಸಿಕೊಂಡರು. ಅಷ್ಟೇ. ಸಿನಿಮಾದಲ್ಲಾದರೆ ಇಲ್ಲಿ ಯಾರಾದರೂ ಅಳುತ್ತಿದ್ದರು.

ಹೊಳೆದಂಡೆ, ಮುಂದಿನ ಮುಂಗಾರು

ಪೇಟೆಂಟ್ ಆ ಕಡೆಯ ದೇಶಗಳದ್ದು, ನಮ್ಮ ನೆಲದಲ್ಲಿ ಅದಕ್ಕೆ ಅಧಿಕಾರವಿಲ್ಲ ಎಂದು ಬಂದ ಹೊಸದರಲ್ಲಿ ನಾನು ಸಿಕ್ಕವರಿಗೆಲ್ಲ ಹೇಳಿದೆ. ಬಸ್‌ಸ್ಟಾಂಡಿನಲ್ಲಿ ಹೇಳಿದೆ, ಡೈರಿಯ ಕಟ್ಟೆಯ ಮೇಲೆ ಹೇಳಿದೆ. ಜನ ತಲೆಯಾಡಿಸಿದರು. ಆದರೆ ಕೆಂಪು ಭತ್ತದ ಕೇಸಿನಲ್ಲಿ ಕಂಪನಿ ಗೆದ್ದಿತು ಎಂಬ ಸುದ್ದಿ ನನಗಿಂತ ಬೇಗ ಊರು ಸೇರಿತ್ತು. ಬೆಳೆದವರ ಮೇಲೆ ಕೇಸು ಹಾಕುತ್ತಾರೆ, ಪಹಣಿಯಲ್ಲಿ ಬರೆಸುತ್ತಾರೆ, ಗದ್ದೆ ಮುಟ್ಟುಗೋಲು ಹಾಕುತ್ತಾರಂತೆ. ಕಂಪನಿಯವರು ಯಾರೂ ಬಂದು ಹೀಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ದೇವೀರಮ್ಮ ಹೆಸರು ಹೇಳದ್ದರಿಂದ ಎಷ್ಟೋ ಜನ ಉಳಿದರು ಎಂದು ಬರೆಯಲು ಕೈ ಎಳೆಯುತ್ತದೆ. ಹಾಗೇನೂ ಆಗಲಿಲ್ಲ. ಯಾರನ್ನೂ ಯಾರೂ ಹುಡುಕಿಕೊಂಡು ಬರಲಿಲ್ಲ. ಹೇಳಿದ್ದರೆ ಗೆಲ್ಲುತ್ತಿದ್ದೆವು ಎಂದೂ ಗೊತ್ತಿಲ್ಲ.

ನಾಟಿ ಮುಗಿದ ಮೇಲೆ, ಜರ್ಮನಿಯಲ್ಲಿ ತೆಗೆದ ಫೋಟೋಗಳನ್ನು ಕೊಡಲು ಅವರ ಊರಿಗೆ ಹೋದೆ. ಮಟಮಟ ಮಧ್ಯಾಹ್ನ. ಫೋಟೋದಲ್ಲಿ ಯೋಸೆಫನ ಪಕ್ಕ ನಿಂತ ತಮ್ಮನ್ನು ನೋಡಿ, “ಈ ಮುದ್ಕಿ ಯಾರ್ ಸಾ, ಗುಡಿ ಕಳ್ಳಿ ತರ ನಿಂತವ್ಳ” ಎಂದು ನಕ್ಕರು. ಉಣ್ಣದೆ ಹೋಗಬಾರದು ಎಂದು ಕೂರಿಸಿದರು. ಮುದ್ದೆಯ ನಂತರ ಅನ್ನ ಬಡಿಸಿದರು. ಕೆಂಪಗೆ, ದಪ್ಪಗೆ, ಬಿಸಿಯಾಗಿ, ಸೊಪ್ಪಿನ ಸಾರಿನ ಜೊತೆ. ನಾನು ಮಡುಗೆಂಪಿನ ಅನ್ನ ಉಂಡದ್ದು ಅದೇ ಮೊದಲು. ಅಷ್ಟು ದೂರ ಹೋಗಿ ಅದಕ್ಕಾಗಿ ಮಾತಾಡಿ ಬಂದವನು ಅದರ ರುಚಿ ನೋಡಿರಲಿಲ್ಲ.

ಚೆನ್ನಾಗಿದೆ ಅಂದೆ. ಈ ಕಾಲದಲ್ಲೂ ಅಕ್ಕಿ ಉಳಿದಿದೆಯಲ್ಲ ಅಂದೆ.

“ಉಣ್ಣೋ ನೆಲ್ಲು ಸುಗ್ಗಿಯಾಗಿ ನಾಕು ತಿಂಗ್ಳಿಗೇ ಮುಗ್ದೋಯ್ತು ಸಾ. ಇದು ಕೇಳೋರ ಪಾಲು.”

ನಾನು ತುತ್ತು ಹಿಡಿದುಕೊಂಡೇ ಕೂತೆ. ತಮ್ಮ ಗದ್ದೆಗೆ ಬೇಕಾದ ಬಿತ್ತನೆಯ ಜೊತೆ, ಕೇಳಿಕೊಂಡು ಬರುವವರಿಗೆಂದೇ ಇನ್ನೊಂದು ಮಡಕೆ ಬೇವಿನ ಸೊಪ್ಪು ಹಾಕಿ ಬಾಯಿ ಕಟ್ಟಿ ಇಡುತ್ತಾರಂತೆ. ಅತ್ತೆಯ ಕಾಲದಿಂದಲೂ. ಎಂದೂ ನಾಟಿಯವರೆಗೆ ಉಳಿದದ್ದಿಲ್ಲವಂತೆ.

“ಈ ವರ್ಸ ಯಾರೂ ಬರ್ನಿಲ್ಲ. ಕೊಟ್ಟಗ ಬಾಗ್ಲು ತಗ್ದು ಕುಂತಿದ್ದಿ, ಸಸಿ ಆಕೋ ಕಾಲ ಮುಗಿಯಗಂಟ. ಆ ಕಡೆ ಬೀದೀಲಿ ಹೋದ್ರು, ಈ ಕಡೆ ತಲೆ ಎತ್ನಿಲ್ಲ.”

“ನೀವೇ ಕರೆದು ಕೊಡಬಹುದಿತ್ತಲ್ಲ ಅಮ್ಮ?”

“ಕೇಳ್ದಲೆ ಕೊಟ್ರ ಅದು ಬಿತ್ನ ಆಗದಾ ಸಾ?”

ಮಡಕೆಯಲ್ಲಿ ಇನ್ನೂ ಇದೆಯೇ ಎಂದು ಕೇಳಿದೆ. ನನಗೆ ಒಂದು ಗುಂಟೆ ಗದ್ದೆಯೂ ಇಲ್ಲ. ಇದ್ದಿದ್ದರೆ ಪಂಚೆಯ ಸೆರಗು ಒಡ್ಡುತ್ತಿದ್ದೆ ಎಂದು ಈಗ ಬರೆಯುವುದು ಸುಲಭ.

“ಇಲ್ಲ. ನೆನ್ನೆ ಕುಟ್ಟಿ ಮುಗ್ಸಿದಿ. ಬುಟ್ರ ಉಳ ಬೀಳ್ತಿತ್ತು,” ಅಂದರು. ತಪ್ಪಲೆಯ ತಳಕ್ಕೆ ಸೌಟು ಹಾಕಿ ಉಳಿದದ್ದನ್ನು ಕೆರೆದು ನನ್ನ ತಟ್ಟೆಗೆ ಹಾಕಿದರು. “ಉಣ್ಣಿ ಸಾ. ಇನ್ನು ಯಾರ್ಗ ಮಡ್ಗಾನ?”

ನಾನು ಉಂಡೆ. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಲಿಲ್ಲ.